ಗಿಣ್ಣ ಹಂಚಿದ ವಾರ

ನಮ್ಮ ದೇವಣಿ ತಳಿಯ ಮಣಕ ಚೊಚ್ಚಲ ಕರು ಹಾಕಿದ ಐದೇ ನಿಮಿಷಕ್ಕೆ ಅದನ್ನು ಕೊಲ್ಲಲು ಹೋಯಿತು. ಹಲಬರ್ಗಾದ ನಮ್ಮ ಕೊಟ್ಟಿಗೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ನಡೆದದ್ದು ಇದು. ಚರ್ಚಿಗೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ನಿಂತಿದ್ದೆ. ಕರು ನೆಲಕ್ಕೆ ಬಿದ್ದು, ಕಿವಿ ಕೊಡವಿ, ತಲೆ ಎತ್ತಿತು. ತಾಯಿ ಈಗ ನೆಕ್ಕುತ್ತದೆ ಎಂದು ನಾವು ನೋಡುತ್ತಿದ್ದೆವು. ಅದು ಒಮ್ಮೆ ಮೂಸಿ, ಹಿಂದೆ ಸರಿದು, ಹಣೆಯಿಂದ ಕರುವನ್ನು ಗೋಡೆಗೆ ಒತ್ತಿ ಹಿಡಿಯಿತು. ಎರಡನೆಯ ಸಲ ಕೋಡಿನಿಂದ ಎತ್ತಿ ಒಗೆಯಿತು. ಕರು ಗೋದಲಿಯ ಕಲ್ಲಿಗೆ ಬಡಿದು ಬಿತ್ತು.

ನನಗೆ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಕೈಗೆ ಸಿಕ್ಕ ಬಡಿಗೆ ತೆಗೆದುಕೊಂಡು ಮಣಕದ ಮುಸುಡಿಗೆ ಬಾರಿಸಿದೆ, ಒಂದಲ್ಲ, ನಾಲ್ಕೈದು ಸಲ. ಅತ್ತೆ ಓಡಿಬಂದು ನನ್ನ ಬೆನ್ನಿಗೆ ಗುದ್ದತೊಡಗಿದರು.

"ಬಾಣಂತಿಗಿ ಹೊಡೀತಿ ಏನ? ದವಾಖಾನ್ಯಾಗೂ ಹಿಂಗೇ ಹೊಡೀತಿ ಏನ?"

ನಾನು ಮಣಕವನ್ನು, ಅತ್ತೆ ನನ್ನನ್ನು. ಈ ಗದ್ದಲದಲ್ಲಿ ನನ್ನ ಗಂಡ ಕರುವಿನ ಕಾಲು ಹಿಡಿದು ಹೊರಗೆ ಎಳೆದುಕೊಂಡ. ಹೆಣ್ಣು ಕರು, ಬಿಳಿ ಮೈ, ಕಪ್ಪು ಕಿವಿ. ಮೂಗಿನಿಂದ ರಕ್ತ ಬರುತ್ತಿತ್ತು, ಆದರೆ ಕಾಲು ನೆಟ್ಟಗಿದ್ದವು. ಅವತ್ತು ಚರ್ಚೂ ಇಲ್ಲ, ಸೀರೆಯೂ ಉಳಿಯಲಿಲ್ಲ. ತಾಯಿಯ ಹತ್ತಿರ ಇದನ್ನು ಬಿಡುವಂತಿಲ್ಲ, ಬಾಟಲಿಯಲ್ಲೇ ಸಾಕಬೇಕು ಎಂದು ಅಲ್ಲಿಯೇ ತೀರ್ಮಾನವಾಯಿತು. ಬಾಟಲಿ ಎಂದ ಕೂಡಲೇ ಮನೆಯವರೆಲ್ಲ ನನ್ನ ಮುಖ ನೋಡಿದರು.

ನೋಡಬೇಕಾದದ್ದೇ. ನಾನು ಭಾಲ್ಕಿಯ ಒಂದು ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಇಪ್ಪತ್ತು ವರ್ಷದಿಂದ ಹಸುಗೂಸುಗಳ ಬಾಯಿಗೆ ಚಮಚ, ಬಟ್ಟಲು ಹಿಡಿಯುತ್ತ ಬಂದವಳು. ಬೀದರದ ನನ್ನ ತವರಿನಲ್ಲಿ ಮಾತ್ರ ದನ ಇರಲಿಲ್ಲ. ಅಪ್ಪ ಸಾಲಿ ಮಾಸ್ತರು, ಅವ್ವ ನರ್ಸು, ಹಾಲು ಪಾಕೀಟಿನಲ್ಲಿ ಬರುತ್ತಿತ್ತು. ಹಲಬರ್ಗಾದ ಒಕ್ಕಲು ಮನೆಗೆ ಸೊಸೆಯಾಗಿ ಬಂದ ಮೇಲೆ ಸಗಣಿ ಬಾಚಲು ಕಲಿತೆ, ಹಾಲು ಹಿಂಡಲು ಕಲಿಯಲಿಲ್ಲ. ಆದರೂ ದನದ ವಿಷಯದಲ್ಲಿ ಗೊತ್ತಿಲ್ಲ ಎಂದು ಒಪ್ಪಿಕೊಂಡವಳಲ್ಲ.

ಮಣಕವನ್ನು ಹಿಂಡುವುದೇ ಒಂದು ಯುದ್ಧವಾಯಿತು. ಗಂಡ ಮೂಗುದಾರ ಹಿಡಿದ, ನಾನು ಹಿಂಗಾಲಿಗೆ ಹಗ್ಗ ಬಿಗಿದೆ, ಅತ್ತೆ ಕೂತು ಹಿಂಡಿದರು. ಮೊದಲ ಚರಿಗೆಯನ್ನು ಅದು ಒದ್ದು ಗೋಡೆಗೆ ಹೊಡೆಯಿತು. ಎರಡನೆಯದರಲ್ಲಿ ಹಳದಿ ಬಣ್ಣದ, ಜೇನಿನಷ್ಟು ಮಂದವಾದ ಹಾಲು ತುಂಬಿತು. ಅದನ್ನು ಒಲೆಯ ಮೇಲೆ ಇಟ್ಟವಳು ನಾನೇ. ಕುದಿಸದ ಹಾಲನ್ನು ಕೂಸಿಗೆ ಕೊಡಬಾರದು ಎಂಬ ಪಾಠ ನನ್ನ ಎಲುಬಿನಲ್ಲಿತ್ತು. ಹಾಲು ಕಾದಂತೆ ಗಟ್ಟಿಯಾಗಿ, ಒಡೆದು, ಗಿಣ್ಣವಾಗಿ ಕೂತುಬಿಟ್ಟಿತು. ಬಾಟಲಿಗೆ ಹೇಗೆ ಹಾಕುವುದು?

ಅತ್ತೆಗೆ ಖುಷಿಯೋ ಖುಷಿ. "ಚೊಲೋ ಆಯ್ತು. ಮೊದಲ ಹಾಲು ಕರಾಕ್ಕ ಜಡ ಆಗ್ತದ, ಜುಲಾಬ್ ಹತ್ತತದ. ಊರಿಗಿ ಹಂಚಬೇಕು. ಗಿಣ್ಣ ಹಂಚದ ಮನ್ಯಾಗ ಆಕಳು ಹಾಲು ಕೊಡಂಗಿಲ್ಲ" ಎಂದರು. ಬೆಲ್ಲ, ಏಲಕ್ಕಿ ಬಿದ್ದವು. ಮೂರು ದಿನ ನಮ್ಮ ಮನೆಯಲ್ಲಿ ಗಿಣ್ಣದ್ದೇ ಹಬ್ಬ. ಓಣಿಯ ಎಲ್ಲ ಮನೆಗೂ ಹೋಯಿತು, ಚರ್ಚಿನ ಅಯ್ಯನವರ ಮನೆಗೆ ಹೋಯಿತು, ನನ್ನ ವಾರ್ಡಿನ ಸಿಸ್ಟರುಗಳು ಬೆರಳು ನೆಕ್ಕಿದರು. ಔರಾದ ತಾಲೂಕಿನ ಎಕಂಬಾದಲ್ಲಿರುವ ಅತ್ತೆಯ ತಮ್ಮನಿಗೂ ಒಂದು ಡಬ್ಬಿ ಬಸ್ಸಿನಲ್ಲಿ ಹೋಯಿತು. ಮನೆಯ ಮಂದಿಯೆಲ್ಲ ಅವರನ್ನು ಮಾಮಾ ಎನ್ನುತ್ತಾರೆ. ಕರುವಿಗೆ ಮಾತ್ರ ಪಾಕೀಟಿನ ಹಾಲು ಕಾಯಿಸಿ, ಅರ್ಧಕ್ಕರ್ಧ ನೀರು ಬೆರೆಸಿ ನಿಪ್ಪಲ್ ಬಾಟಲಿಯಲ್ಲಿ ನಾನೇ ಕುಡಿಸಿದೆ. ಅದು ಚಪ್ಪರಿಸಿ ಕುಡಿಯುತ್ತಿತ್ತು. ಎಷ್ಟು ಜಾಣೆ ನಾನು ಎಂದುಕೊಂಡಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಕರುವಿನ ಬಾಲ ಒದ್ದೆಯಾಗಿತ್ತು. ಹಾಸಿದ ಗೋಣಿಚೀಲದ ಮೇಲೆಲ್ಲ ಬಿಳಿ-ಹಳದಿ ನೀರು, ಹುಳಿ ನಾತ. ನಾನು ಹೆದರಲಿಲ್ಲ. ಭೇದಿ ಹತ್ತಿ ಬತ್ತಿದ ಎಷ್ಟು ಕೂಸುಗಳನ್ನು ಓಆರ್‌ಎಸ್ ಕುಡಿಸಿ ಎಬ್ಬಿಸಿಲ್ಲ! ಸಕ್ಕರೆ, ಉಪ್ಪು ಹಾಕಿ ಒಂದು ಪಾತ್ರೆ ನೀರು ಕಲಸಿಟ್ಟೆ. ಎರಡು ತಾಸಿಗೊಮ್ಮೆ ಒಂದು ಬಾಟಲಿ ಕುಡಿಸಿರಿ ಎಂದು ಅತ್ತೆಗೆ ಹೇಳಿದೆ.

"ಸೋರೂ ಕೊಡಕ್ಕ ಮತ್ತ ನೀರು ಹಾಕ್ತಾರೇನು? ನೀರು ನಿಂದರಿಸಿದ್ರ ಜುಲಾಬ್ ನಿಂದರತದ" ಎಂದರು ಅತ್ತೆ.

"ಸೋರಿದ್ದಷ್ಟೂ ಹಾಕಬೇಕ್ರಿ ಅತ್ತಿ. ಇಲ್ಲಾಂದ್ರ ಸಾಯ್ತದ. ಹೇಳಿದಷ್ಟ ಮಾಡ್ರಿ" ಎಂದು ಗದರಿಸಿ ಡ್ಯೂಟಿಗೆ ಹೋದೆ. ಅತ್ತೆಯ ಹತ್ತಿರ ಹಾಗೆ ಮಾತಾಡಬಾರದಿತ್ತು.

ಮಧ್ಯಾಹ್ನ ಮೂರಕ್ಕೆ ತಿರುಗಿ ಬಂದಾಗ ಪಾತ್ರೆಯ ನೀರು ಇಟ್ಟ ಹಾಗೇ ಇತ್ತು. ಕೊಟ್ಟಿಗೆಯಿಂದ ಕೂದಲು ಸುಟ್ಟ ವಾಸನೆ ಬರುತ್ತಿತ್ತು. ಒಳಗೆ ಹೋಗಿ ನೋಡಿದರೆ ಅತ್ತೆ ಕರೆಸಿದ್ದ ಎಕಂಬಾದ ಮಾಮಾ ಕರುವಿನ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೂತಿದ್ದರು. ಕೈಯಲ್ಲಿ ಕಾಯಿಸಿ ಕೆಂಪಾದ ಕುಡಗೋಲು. ಕರುವಿನ ಹೊಟ್ಟೆಯ ಮೇಲೆ ಆಗಲೇ ಎರಡು ಬರೆ ಬಿದ್ದಿದ್ದವು, ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು. ಮಾಮಾ ಈ ಕೆಲಸಕ್ಕೆ ಹೆಸರಾದವರು. ಔರಾದದಿಂದ ಭಾಲ್ಕಿಯವರೆಗೆ ದನಕ್ಕೆ ಹೊಟ್ಟೆ ಕೆಟ್ಟರೆ ಅವರನ್ನು ಕರೆಸುತ್ತಿದ್ದರು. ಅವರದು ಕೈಗುಣ ಎನ್ನುತ್ತಿದ್ದರು ಜನ.

"ಬಿಡ್ರಿ ಅದಕ್ಕ!" ಎಂದು ಚೀರಿದೆ.

"ಜರಾ ತಡಿ ತಂಗಿ, ಇನ್ನ ಎರಡ ಅದಾವ" ಎಂದು ಅವರು ತಲೆಯನ್ನೂ ಎತ್ತದೆ ಮೂರನೆಯದನ್ನು ಎಳೆದರು. ಚುಂಯ್ ಎಂದಿತು. ಕರುವಿಗೆ ಒದರುವ ಶಕ್ತಿ ಇರಲಿಲ್ಲ, ನಾಲಿಗೆ ಹೊರಗೆ ಬಿತ್ತು, ನಾಲ್ಕೂ ಕಾಲು ನಡುಗಿದವು. ಅಷ್ಟೇ. ನಾನು ಮಾಮಾನ ಮಣಿಕಟ್ಟು ಹಿಡಿದು ತಿರುವಿದೆ. ಕುಡಗೋಲು ಬಿದ್ದು ನನ್ನ ಬಿಳಿ ಸೀರೆಯ ನೆರಿಗೆ ಸುಟ್ಟಿತು, ಕಾಲಿನ ಹೆಬ್ಬೆರಳೂ ಸುಟ್ಟಿತು. ಆ ಉರಿಯಲ್ಲೇ ಕೈ ಬೀಸಿ ಅವರ ಕೆನ್ನೆಗೆ ಹೊಡೆದೆ. ತಲೆಗೆ ಸುತ್ತಿದ್ದ ಪಟಕಾ ಬಿಚ್ಚಿ ಸಗಣಿಯಲ್ಲಿ ಬಿತ್ತು.

ಗಂಡನ ಸೋದರಮಾವ, ಎಪ್ಪತ್ತರ ಹತ್ತಿರದ ಮನುಷ್ಯ, ಮನೆಯ ಮದುವೆಗಳಲ್ಲಿ ಮೊದಲ ಮರ್ಯಾದೆ ಪಡೆಯುವವರು. ಅಂಥವರ ಕೆನ್ನೆಗೆ ಸೊಸೆ ಹೊಡೆದಳು ಎಂದರೆ ನಮ್ಮ ಕಡೆ ಮೂರು ತಲೆಮಾರು ಮರೆಯುವುದಿಲ್ಲ. ಮಾಮಾ ಪಟಕಾ ಎತ್ತಿಕೊಂಡು, ಸಗಣಿ ಝಾಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಬರಿದಲೆಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅತ್ತೆ ಬಾಗಿಲಲ್ಲಿ ನಿಂತಿದ್ದವರು ಎದೆ ಬಡಿದುಕೊಂಡರು.

"ನನ್ನ ತಮ್ಮಗ ಕೈ ಮಾಡ್ದಿ. ಇನ್ನ ನಿನ್ನ ಕೈಯಾಗಿನ ನೀರು ಮುಟ್ಟಂಗಿಲ್ಲ ನಾ."

ಮುಟ್ಟಬೇಡಿರಿ ಎಂದೆ. ಕರುವನ್ನು ಬಾಟಲಿಯ ಸಮೇತ ಚಾದರದಲ್ಲಿ ಸುತ್ತಿ, ಒಂದು ಟಂಟಂ ಆಟೋ ನಿಲ್ಲಿಸಿ, ತೊಡೆಯ ಮೇಲೆ ಹಾಕಿಕೊಂಡು ಭಾಲ್ಕಿಯ ದನದ ಡಾಕ್ಟರ ಹತ್ತಿರ ಹೋದೆ. ದಾರಿಯುದ್ದಕ್ಕೂ ಮಾಮಾನನ್ನು, ಅತ್ತೆಯನ್ನು, ಇಡೀ ಔರಾದ ತಾಲೂಕನ್ನು ಬಯ್ದೆ. ಟಂಟಂದವನು ಹೆದರಿ ಹಿಂತಿರುಗಿ ನೋಡಲೇ ಇಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ಕರುವಿನ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರು, ಅದು ಎದ್ದು ನಿಂತಲ್ಲೇ ನಿಂತಿತು. ಕಣ್ಣು ಗುಳಿ ಬಿದ್ದಿತ್ತು, ಕಿವಿ ತಣ್ಣಗಾಗಿತ್ತು. ಕುತ್ತಿಗೆಗೆ ಸೂಜಿ ಚುಚ್ಚಿ ಸಲಾಯಿನ್ ಹಚ್ಚಿದರು. ಮೂರು ಸಲ ನರ ತಪ್ಪಿತು. ಆಮೇಲೆ ಕೇಳಿದರು:

"ಸಿಸ್ಟರ್, ಹುಟ್ಟಿದ ದಿನ ಗಿಣ್ಣದ ಹಾಲು ಎಷ್ಟು ಕುಡಿಸಿದ್ರಿ? ಎಷ್ಟು ತಾಸಿನೊಳಗ?"

ಕುದಿಸಿದೆ ಎಂದೆ. ಗಟ್ಟಿಯಾಯಿತು ಎಂದೆ. ಹಂಚಿದೆವು ಎಂದೆ.

ಅವರು ಸೂಜಿಗೆ ಪಟ್ಟಿ ಅಂಟಿಸುತ್ತಲೇ ನಕ್ಕರು, ಒಳ್ಳೆಯ ನಗೆಯಲ್ಲ. "ಹೋದ ವರ್ಷ ನಿಮ್ಮ ವಾರ್ಡಿನ್ಯಾಗೇ ನನ್ನ ಹೆಂಡತಿ ಹಡದಾಳ್ರಿ. ನಮ್ಮವ್ವ ಮೊದಲ ಹಾಲು ಹಿಂಡಿ ಚೆಲ್ಲಿ ಕೂಸಿಗಿ ಜೇನು ನೆಕ್ಕಿಸ್ಲಿಕ್ಕೆ ಹೋಗಿದ್ಲು. ನೀವು ಜೇನಿನ ಬಾಟ್ಲಿ ಕಸದಾಗ ಒಗದು, ಕೂಸಿಗಿ ಕೊಲ್ತಿ ಏನ ಮುದುಕಿ ಅಂತ ಒದರಿದ್ರಿ. ಹೊರಗ ರಸ್ತಾದ ತನ ಕೇಳಿಸ್ತು."

ನೆಲ ಬಾಯಿ ಬಿಡಬಾರದೆ ಎನಿಸಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ನನಗಾಗಿಯೇ ಮಾಡಿದ್ದರು. ಇಪ್ಪತ್ತು ವರ್ಷ ಬಾಣಂತಿಯರ ತಲೆ ತಿಂದ ಪಾಠವನ್ನು ನನ್ನ ಕೊಟ್ಟಿಗೆಯಲ್ಲಿ ನಾನೇ ಬೆಲ್ಲ ಹಾಕಿ ತಿಂದಿದ್ದೆ. ಡಾಕ್ಟರು ಬಿಡಿಸಿ ಹೇಳಿದರು: ಕರುವಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರೋಗ ತಡೆಯುವ ಶಕ್ತಿ ಬರುವುದಿಲ್ಲ, ಎಲ್ಲ ಆ ಹಳದಿ ಹಾಲಿನಲ್ಲೇ ಬರಬೇಕು. ಹುಟ್ಟಿದ ಒಂದೆರಡು ತಾಸಿನಲ್ಲಿ ಹೊಟ್ಟೆ ತುಂಬ ಕುಡಿಸಬೇಕು. ಕುದಿಸಬಾರದು, ತಣ್ಣಗಾಗಿದ್ದರೆ ಬಿಸಿನೀರಿನಲ್ಲಿ ಪಾತ್ರೆ ಇಟ್ಟು ಬೆಚ್ಚಗೆ ಮಾಡಬೇಕು, ಅಷ್ಟೇ. ಮೊದಲ ದಿನ ದಾಟಿದ ಮೇಲೆ ಕೊಟ್ಟರೆ ಆ ಶಕ್ತಿ ಮೈಗೆ ಹತ್ತುವುದಿಲ್ಲ. ನೀರು ಬೆರೆಸಿದ ಪಾಕೀಟಿನ ಹಾಲು ಕರುವಿಗೆ ಉಪವಾಸವೇ. ಬಾಟಲಿ ತೋರಿಸಿರಿ ಎಂದರು. ನಿಪ್ಪಲ್ ಮೂಸಿ ನನ್ನ ಮೂಗಿಗೇ ಹಿಡಿದರು. ಕೊಳೆತ ವಾಸನೆ. ಹಾಲು ಕುದಿಸಿದ ಜಾಣೆ ನಿಪ್ಪಲನ್ನು ನಳದ ತಣ್ಣೀರಿನಲ್ಲಿ ಅದ್ದಿ ತೆಗೆದಿದ್ದಳು.

"ಈ ಬರಿ ಯಾರು ಹಾಕ್ಯಾರ್ರಿ?"

"ನಮ್ಮ ಮಂದಿ" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಮುಖ ನನಗಿರಲಿಲ್ಲ.

ಉಳಿಯುವ ಆಸೆ ಅರ್ಧ ಎಂದರು ಡಾಕ್ಟರು. ಹಾಲು ನಿಲ್ಲಿಸುವಂತಿಲ್ಲ, ತಾಯಿಯದೇ ಹಾಲು ಹಿಂಡಿ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ನಡುನಡುವೆ, ಹಾಲಿನಲ್ಲಿ ಬೆರೆಸದೆ, ಅವರು ಬರೆದುಕೊಟ್ಟ ಪುಡಿಯ ನೀರು ಕುಡಿಸಬೇಕು. ತಲೆ ತೀರ ಮೇಲೆತ್ತಿ ಸುರಿದರೆ ಪುಪ್ಪುಸಕ್ಕೆ ಹೋಗಿ ಸಾಯುತ್ತದೆ. ಮಗ್ಗುಲು ಬದಲಿಸಬೇಕು, ಒಣ ಹುಲ್ಲು ಹಾಸಬೇಕು, ಬೇರೆ ಕರುಗಳಿಂದ ದೂರ ಇಡಬೇಕು, ಪ್ರತಿ ಸಲ ಬಾಟಲಿ, ಕೈ ಎರಡೂ ಬಿಸಿನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು. ಮನೆಯಲ್ಲಿ ಗಟ್ಟಿಮುಟ್ಟಾದವರು ಯಾರಿದ್ದಾರೆ ಎಂದು ಕೇಳಿದರು.

ಗಂಡ ಬೀದರದ ಸಾಲಿಯಲ್ಲಿ ಮಾಸ್ತರು. ಬೆಳಿಗ್ಗೆ ಹೋದರೆ ಸಂಜೆ ಬರುವವನು. ಪುಡಿ ಭಾಲ್ಕಿಯಲ್ಲಿ ಸಿಗದೆ ಅವನೇ ಬೀದರದಿಂದ ತಂದ. ಅತ್ತೆಗೆ ಕರು ಅದುಮಿ ಹಿಡಿಯುವ ಕಸುವಿಲ್ಲ, ನನ್ನೊಡನೆ ಮಾತೂ ಇಲ್ಲ. ವಾರ್ಡಿನಲ್ಲಿ ನನಗೆ ಒಂದೇ ದಿನ ರಜೆ ಕೊಟ್ಟರು. ಮರುದಿನ ಹಗಲೆಲ್ಲ ಕೊಟ್ಟಿಗೆಯಲ್ಲಿ ಒಬ್ಬಳೇ ಒದ್ದಾಡಿದೆ. ಕರು ಹಲ್ಲು ಕಡಿಯುತ್ತಿತ್ತು. ಒಂದು ಕೈಯಲ್ಲಿ ತಲೆ ಹಿಡಿದರೆ ಇನ್ನೊಂದು ಕೈಯಿಂದ ನೀರು ಚೆಲ್ಲುತ್ತಿತ್ತು. ಬರೆಗಳಿಗೆ ನೊಣ ಮುತ್ತುತ್ತಿದ್ದವು. ಇದು ಸತ್ತರೆ ಕೊಂದವಳು ನಾನೇ ಎಂದು ನನಗೆ ಗೊತ್ತಿತ್ತು. ಮಾಮಾ ಹಾಕಿದ್ದು ಮೂರು ಬರೆ. ಅದಕ್ಕೂ ಮೊದಲು ಮೂರು ದಿನ ಅದರ ಜೀವ ತೆಗೆದವಳು ನಾನು. ಗಟ್ಟಿಯಾಗಿ ಕರು ಹಿಡಿಯಬಲ್ಲ ಕೈ ನನಗೆ ಗೊತ್ತಿದ್ದದ್ದು ಒಂದೇ.

ಎಕಂಬಾಕ್ಕೆ ಫೋನು ಮಾಡಿದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.

"ಮಾಮಾ, ಕರಾ ಸಾಯ್ಲತ್ತದರಿ. ಹಿಡೀಲಾಕ ಮಂದಿ ಇಲ್ಲ."

ಫೋನು ಕಟ್ಟಾಯಿತು. ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ ಮಾಮಾ ಅಂಗಳದಲ್ಲಿ ನಿಂತಿದ್ದರು. ಪಟಕಾ ಒಗೆದು ಸುತ್ತಿದ್ದರು.

"ಕರಾದ ಸಲುವಾಗಿ ಬಂದೀನಿ. ನಿನ್ನ ಮಾರಿ ನೋಡ್ಲಾಕ ಅಲ್ಲ."

ಮೂರು ದಿನ ನಾವಿಬ್ಬರೂ ಕಚ್ಚಾಡಿದೆವು. ನೀರು ಕೊಟ್ಟಷ್ಟೂ ಜುಲಾಬ್ ಆಗುತ್ತದೆ ಎಂದು ಅವರು. ಆಗಲಿ, ಹೋದದ್ದಕ್ಕಿಂತ ಹೆಚ್ಚು ಒಳಗೆ ಹೋಗಬೇಕು ಎಂದು ನಾನು. ಒಮ್ಮೆ ಅವರು ಸಗಣಿ ಕೈಯಲ್ಲೇ ನಿಪ್ಪಲ್ ಹಿಡಿದದ್ದು ಕಂಡು ಬಾಟಲಿ ಕಸಿದು ಗೋಡೆಗೆ ಎಸೆದೆ. ಅವರು ಬಿಸಿನೀರಿನ ಬುಗುಣಿಯನ್ನು ಒದ್ದರು, ಅರ್ಧ ನನ್ನ ಕಾಲ ಮೇಲೇ ಬಿತ್ತು. ಆದರೆ ಕರು ಹಿಡಿಯುವುದನ್ನು ಅವರಿಂದ ಕಲಿಯಬೇಕು. ಕುತ್ತಿಗೆಯನ್ನು ಎರಡು ಮೊಣಕಾಲ ನಡುವೆ ಸೇರಿಸಿ, ಗದ್ದದ ಕೆಳಗೆ ಅಂಗೈ ಕೊಟ್ಟು, ಕುಡಿಯಲೊಲ್ಲದ ಬಾಯಿಯಲ್ಲಿ ಬೆರಳಿಟ್ಟು ಚೀಪಿಸಿ, ಚೀಪುತ್ತಿರುವಾಗಲೇ ಬೆರಳು ತೆಗೆದು ನಿಪ್ಪಲ್ ಇಡುತ್ತಿದ್ದರು. ಒಂದು ಹನಿ ಚೆಲ್ಲುತ್ತಿರಲಿಲ್ಲ. ನಾನು ಡ್ಯೂಟಿಯಲ್ಲಿದ್ದಾಗ ತಾವು ಎಷ್ಟು ಸಲ ಕುಡಿಸಿದರು ಎಂಬುದಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿಡುತ್ತಿದ್ದರು. ಒಂದು ಗೆರೆಯೂ ತಪ್ಪಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನು ಬಂದಾಗ ಕರು ತಾನೇ ಎದ್ದು ನಿಂತಿತ್ತು. ಸಗಣಿ ಮುದ್ದೆಗಟ್ಟಿತ್ತು. ಹತ್ತಿರ ಹೋಗಿ ಬಗ್ಗಿದೆ. ಬಾಟಲಿ ಕಂಡದ್ದೇ ತಡ, ತಲೆಯಿಂದ ಗುದ್ದಿತು. ಬಾಟಲಿಯ ಅಂಚು ನನ್ನ ಬಾಯಿಗೆ ಬಡಿದು ತುಟಿ ಸೀಳಿತು, ಗದ್ದದ ಮೇಲೆ ರಕ್ತ ಇಳಿಯಿತು. ಅಷ್ಟು ಖುಷಿಯಿಂದ ನಾನು ಎಂದೂ ಏಟು ತಿಂದಿಲ್ಲ. ನಗುತ್ತ, ಅಳುತ್ತ ಅಲ್ಲೇ ಹುಲ್ಲಿನ ಮೇಲೆ ಕೂತೆ. ಮಾಮಾನೂ ಗಹಗಹಿಸಿ ನಕ್ಕರು, ಪಟಕಾದ ತುದಿ ಹರಿದು ನನ್ನ ತುಟಿಗೆ ಒತ್ತಿಕೊಳ್ಳಲು ಕೊಟ್ಟರು.

"ಮಾಮಾ, ಅವತ್ತ ಕೈ ಮಾಡಿದ್ದು ನಂದ ತಪ್ಪುರಿ" ಎಂದೆ. ಒದ್ದೆ ಬಟ್ಟೆಯೊಳಗಿಂದ ಮಾತು ಸರಿಯಾಗಿ ಹೊರಡಲಿಲ್ಲ.

ಅವರು ಕರುವಿನ ಬರೆಗಳನ್ನು ನೋಡಿದರು. ಆಮೇಲೆ ಅಂಗಿ ಎತ್ತಿದರು. ಹೊಕ್ಕುಳಿನ ಎಡಕ್ಕೆ ಬರೆಯ ನಾಲ್ಕು ಗೆರೆ, ಹಳೆಯವು, ಹೊಳೆಯುತ್ತಿದ್ದವು.

"ನನಗೂ ನನ್ನ ಸಣ್ಣ ತಂಗಿಗೂ ಒಂದೇ ದಿನ ಜುಲಾಬ್ ಹತ್ತಿತ್ತು. ನನಗ ಒಂಬತ್ತು, ಅಕಿಗಿ ನಾಕು. ನೀರು ನೀರು ಅಂತ ಅಳ್ತಿತ್ತು ಕೂಸು. ಒಂದ ಹನಿ ಕೊಡಲಿಲ್ಲ. ಮೊದಲ ನನಗ ಬರಿ ಹಾಕಿದ್ರು. ಆಮ್ಯಾಲ ಅಕಿ ಕಾಲು ನನಗೇ ಹಿಡೀಲಾಕ ಹಚ್ಚಿದ್ರು. ಕುಡಗೋಲು ಕಾಸಿದಾಕಿ ನಿಮ್ಮತ್ತಿ. ನಾ ಉಳದೆ, ಅಕಿ ಉಳೀಲಿಲ್ಲ. ನೀ ಕಾಲು ಗಟ್ಟಿ ಹಿಡೀಲಿಲ್ಲ, ಬರಿ ಸರಿ ಬೀಳಲಿಲ್ಲ ಅಂದ್ಲು ನಮ್ಮವ್ವ. ಆವತ್ತಿಂದ ಗಟ್ಟಿ ಹಿಡೀಲಾಕ ಕಲತೀನಿ."

ಕೊಟ್ಟಿಗೆಗೆ ಅಂಟಿಕೊಂಡ ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತಿಕ್ಕುತ್ತಿದ್ದರು. ತಿಕ್ಕುವ ಸದ್ದು ನಿಂತಿತು.

"ಒಂದ ಮಾತ ಕೇಳ್ತೇನಿ, ಖರೇ ಹೇಳು. ಈ ಉಪ್ಪಿನ ನೀರು ಆವಾಗ ಕೊಟ್ಟಿದ್ರ ಅಕಿ ಉಳೀತಿದ್ಲೇನು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವರು ಖರೇ ಹೇಳು ಎಂದಿದ್ದರು.

"ಉಳೀತಿದ್ದಳ್ರಿ ಮಾಮಾ."

ಅವರು ಅಂಗಿ ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ಒಂದು ಗುಂಡಿ ಹಾಕಲು ಬಹಳ ಹೊತ್ತು ಹಿಡಿಯಿತು.

"ಮಂದಿಗಿ ಕೊಡೂದರ ಅಳತಿ ಹೇಳು."

"ಒಂದ ಲೀಟರ್ ನೀರು. ಆರ ಚಮಚ ಸಕ್ಕರಿ. ಅರ್ಧ ಚಮಚ ಉಪ್ಪು."

"ಮತ್ತ?"

"ಅಷ್ಟೇರಿ."

"ಅಷ್ಟೇ?" ಎಂದರು ಮಾಮಾ. ಕರು ಖಾಲಿ ಬಾಟಲಿಯನ್ನು ಚೀಪುತ್ತ ನಿಂತಿತ್ತು. "ಎಲ್ಲಾ ಮನ್ಯಾಗೇ ಇತ್ತು ತಂಗಿ. ಸಕ್ಕರಿ ಇರಲಿಲ್ಲ, ಬೆಲ್ಲ ಇತ್ತು. ಉಪ್ಪು ಇತ್ತು. ಹರವಿ ತುಂಬ ನೀರಿತ್ತು."